ಹಲ್ಲಿನ ಆಸ್ಪತ್ರೆಯ ಹಿಂದಿನ ಕಂಪ್ಯೂಟರ್

"ನಂಬರ್ ಎಲ್ಲಾ ಸರಿಯಾಗೇ ಇದೆ. ಕಂಪ್ಯೂಟರ್‌ಗೆ ಏನೂ ಆಗಿಲ್ಲ," ಎಂದೆ.

"ಹಾಗಾದ್ರೆ ನನಗೇ ಏನೋ ಆಗಿರ್ಬೇಕು," ಎಂದಳು. ಗೋಡೆಯ ಕಡೆ ತಿರುಗಿ ಕೂಗಿದಳು: "ಅಕ್ಕಾ, ಇವರು ನನ್ನನ್ನೇ ರಿಪೇರಿ ಮಾಡ್ಬೇಕಂತೆ!"

ಗೋಡೆಯ ಆಚೆ ಡ್ರಿಲ್ ಸದ್ದು ನಿಂತಿತು. "ಹೊರಗೆ ಆರು ಜನ ಕೂತಿದ್ದಾರೆ. ನಿನ್ನ ಸರದಿ ಆಮೇಲೆ," ಎಂದಿತು ಒಂದು ಹೆಣ್ಣು ದನಿ. ಡ್ರಿಲ್ ಮತ್ತೆ ಶುರುವಾಯಿತು.

ನಮ್ಮ ಮೊದಲ ಭೇಟಿಯಲ್ಲಿ ಇದ್ದ ಸಂಗೀತ ಅದೊಂದೇ.

ನಾನು ಕಂಪ್ಯೂಟರ್ ಜೋಡಿಸುವ ಅಂಗಡಿಯೊಂದರಲ್ಲಿ ಕೆಲಸಕ್ಕಿರುವವನು. ಗೇಮ್ ಆಡುವವರ ಮೆಷಿನ್‌ಗಳ ವೇಗ ಹೆಚ್ಚಿಸುವುದು ನನ್ನ ಕೆಲಸ. ಅವಳ ಅಕ್ಕ ಹಲ್ಲಿನ ಡಾಕ್ಟರು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಇವಳು ಅಕ್ಕನ ರೋಗಿಗಳಿಗೆ ಕಟ್ಟಿಸುವ ಹಲ್ಲು ಮಾಡುತ್ತಾಳೆ. ಕೋಣೆಯ ಒಂದು ಕಡೆ ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು, ಇನ್ನೊಂದು ಕಡೆ ಕಂಪ್ಯೂಟರ್. ಕೆಲಸ ಮುಗಿದ ಮೇಲೆ ಅವಳು ಐದು ಜನರ ಒಂದು ಶೂಟಿಂಗ್ ಗೇಮ್ ತಂಡಕ್ಕೆ ಆಡುತ್ತಾಳೆ. ದೂರದಿಂದ ಗುರಿ ಇಡುವವಳು ಅವಳೇ. ತಂಡದವರು ಅವಳನ್ನು ಕರೆಯುವುದು ಹದ್ದು ಎಂದು. ಆಟ ನಡುನಡುವೆ ತಡವರಿಸುತ್ತದೆ ಎಂದು ನನ್ನನ್ನು ಕರೆಸಿದ್ದಳು.

"ನೀವು ನಂಬರ್ ನೋಡ್ತಿದೀರಿ. ನನ್ನ ಕೈ ನೋಡಿ," ಎಂದಳು ಹದ್ದು.

ನೋಡಿದೆ. ತೆಳ್ಳನೆಯ ಕೈ, ಉಗುರಿನ ಸುತ್ತ ಬಿಳಿ ಪುಡಿ. ಗೇಮಿನಲ್ಲಿ ಒಂದು ಓಣಿಯ ತುದಿಗೆ ಹೋಗಿ ಸರಕ್ಕನೆ ಎಡಕ್ಕೆ ತಿರುಗಿದಳು. "ಇಲ್ಲಿ." ಮತ್ತೆ ತಿರುಗಿದಳು. "ಇಲ್ಲಿ ಕೂಡ. ನಡೀತಾ ಇರೋನಿಗೆ ಕಾಲಿಗೊಂದು ಕಲ್ಲು ತಗುಲಿದ ಹಾಗೆ."

ನನಗೆ ಏನೂ ಕಾಣಲಿಲ್ಲ. ವಾದ ಮುಗಿಸಲೆಂದೇ, ಒಂದೊಂದು ಚಿತ್ರ ಪರದೆಗೆ ಬರಲು ಎಷ್ಟು ಹೊತ್ತಾಯಿತೆಂದು ತೋರಿಸುವ ಗ್ರಾಫ್ ತೆರೆದೆ. ಅವಳು "ಇಲ್ಲಿ" ಎಂದ ಕಡೆಯಲ್ಲೆಲ್ಲ ಗೆರೆ ಮುಳ್ಳಿನಂತೆ ಎದ್ದು ನಿಂತಿತ್ತು. ಒಂದೂ ತಪ್ಪಿರಲಿಲ್ಲ.

ನನ್ನ ಮುಖ ನೋಡಿ ಅವಳು ಹುಬ್ಬು ಏರಿಸಿದಳು. ಒಂದೇ ಹುಬ್ಬು. ಅದನ್ನು ಆಮೇಲೆ ನಾನು ಬಹಳ ಸಲ ನೆನಪಿಸಿಕೊಂಡಿದ್ದೇನೆ.

"ಹೇಗೆ ಗೊತ್ತಾಯ್ತು ನಿಮಗೆ?"

"ಹಲ್ಲು ಕೂದಲೆಳೆಯಷ್ಟು ಎತ್ತರ ಆದ್ರೂ ಬಾಯಿಗೆ ಗೊತ್ತಾಗತ್ತೆ. ಅಳತೆಪಟ್ಟಿಗೆ ಗೊತ್ತಾಗಲ್ಲ."

ತಪ್ಪು ಪ್ರೊಸೆಸರಿನದಲ್ಲ, ಮೆಮೊರಿಯದು. ಪ್ರೊಸೆಸರ್ ಮೆಮೊರಿಯನ್ನು ಏನಾದರೂ ಕೇಳಿದಾಗ ಉತ್ತರಕ್ಕೆ ಸ್ವಲ್ಪ ಕಾಯಬೇಕು. ಆ ಕಾಯುವಿಕೆಗೆ ಟೈಮಿಂಗ್ ಎನ್ನುತ್ತೇವೆ. ಕಂಪನಿ ಅದನ್ನು ಸಡಿಲವಾಗಿಯೇ ಇಟ್ಟು ಕಳಿಸುತ್ತದೆ. ಬಿಗಿ ಮಾಡಿದಷ್ಟೂ ಆಟ ನಯವಾಗುತ್ತದೆ. ಅತಿಯಾಗಿ ಬಿಗಿದರೆ ಮೆಮೊರಿ ತಪ್ಪು ಉತ್ತರ ಕೊಡುತ್ತದೆ, ಆಟ ನಡುವೆಯೇ ಕುಸಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೇ ವಿದ್ಯೆ. ನನ್ನ ಪದ್ಧತಿ ಒಂದೇ: ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸುವುದು, ಪರೀಕ್ಷಿಸುವುದು, ಆಮೇಲೆ ಮುಂದಿನದು. ಇದರಿಂದ ಬೇಜಾರಾಗದ ಗಿರಾಕಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವಳಿಗೆ ಬೇಜಾರಾಗಲಿಲ್ಲ. ಪಕ್ಕದಲ್ಲಿ ಕೂತು ಒಂದು ದವಡೆಹಲ್ಲನ್ನು ಉಜ್ಜುತ್ತ, ಆಗಾಗ ನನ್ನ ಪರದೆಯ ಕಡೆ ನೋಡುತ್ತಿದ್ದಳು.

"ಎರಡು ಒಟ್ಟಿಗೆ ಬದಲಾಯಿಸಲ್ವಾ?"

"ಬದಲಾಯಿಸಿದ್ರೆ, ಕೆಟ್ಟಾಗ ಯಾವುದರಿಂದ ಕೆಟ್ಟಿದ್ದು ಅಂತ ಗೊತ್ತಾಗಲ್ಲ."

"ಸದ್ಯ. ನನ್ನ ಹಾಗೆ ಕೆಲಸ ಮಾಡೋರು ಇನ್ನೊಬ್ರು ಇದ್ದಾರೆ."

ಮುಗಿದ ಮೇಲೆ ಅವಳು ಆಡಿ ನೋಡಿದಳು. ಓಣಿಯ ತುದಿ, ಎಡಕ್ಕೆ ತಿರುವು. ಮತ್ತೊಮ್ಮೆ. "ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿದೆ," ಎಂದು ಪೂರ್ತಿ ನನ್ನ ಕಡೆ ತಿರುಗಿ ನಕ್ಕಳು. ಒಳ್ಳೆಯ ಕೆಲಸವನ್ನು ಗುರುತಿಸಬಲ್ಲವರು ಮೆಚ್ಚಿದರೆ ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ಅಂಗಡಿಗೆ ವಾಪಸು ಹೋಗುವಾಗ ನನ್ನ ಬಸ್ಸು ನನ್ನೆದುರೇ ಹೋಯಿತು. ನಾನು ಹತ್ತಲಿಲ್ಲ, ನೋಡುತ್ತ ನಿಂತಿದ್ದೆ.

ಹದಿನೈದು ದಿನದಲ್ಲಿ ಫೋನ್ ಬಂತು. "ಮೇಸ್ಟ್ರೇ, ಕಲ್ಲು ವಾಪಸ್ ಬಂದಿದೆ."

ಹೋಗಿ ನೋಡಿದರೆ ನಾನು ಹಾಕಿದ ಸೆಟ್ಟಿಂಗ್ ಒಂದೂ ಉಳಿದಿರಲಿಲ್ಲ. ಇದರ ಅರ್ಥ ನಮ್ಮ ಕಸುಬಿನವರಿಗೆ ಗೊತ್ತು. ಟೈಮಿಂಗ್ ಅತಿ ಬಿಗಿಯಾಗಿದ್ದು ಕಂಪ್ಯೂಟರ್ ಏಳಲಾಗದಿದ್ದರೆ, ಬೋರ್ಡ್ ತಾನಾಗಿಯೇ ಹಳೆಯ ಸಡಿಲ ಸ್ಥಿತಿಗೆ ಮರಳುತ್ತದೆ. ಅಂದರೆ ತಪ್ಪು ನನ್ನದು. ಕಿವಿ ಬಿಸಿಯಾಯಿತು. ಒಂದು ಸಂಖ್ಯೆ ಸಡಿಲಿಸಿ ಮತ್ತೆ ಪರೀಕ್ಷಿಸಿದೆ.

"ಕ್ಷಮಿಸಿ. ನಿಮಗೆ ತೊಂದರೆ ಆಯ್ತು," ಎಂದೆ.

"ಪರವಾಗಿಲ್ಲ. ಟೀ ಕುಡೀತೀರಾ?"

ಇದು ಮತ್ತೆ ಆಯಿತು. ಆಮೇಲೆ ಮತ್ತೊಮ್ಮೆ. ಪ್ರತಿ ಸಲ ನಾನು ಇನ್ನಷ್ಟು ಸಡಿಲಿಸುತ್ತಿದ್ದೆ, ಅವಳು ಟೀ ತರುತ್ತಿದ್ದಳು. ಡಾಕ್ಟರಕ್ಕ ಬಾಗಿಲಲ್ಲಿ ತಲೆ ಹಾಕಿ, "ಏನಪ್ಪಾ, ನಾನು ಬೇರು ಸಮೇತ ಹಲ್ಲು ಕಿತ್ತು ಹೊಸದು ಕೂರಿಸಿ ಕಳಿಸ್ತೀನಿ. ನಿನ್ನದೊಂದು ಮೆಷಿನ್ ಗುಣ ಆಗೋದೇ ಇಲ್ವಲ್ಲ!" ಎನ್ನುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ತಂಗಿ ಅಕ್ಕನನ್ನು ದುರುಗುಟ್ಟಿ ನೋಡುತ್ತಿದ್ದಳು. ನನ್ನ ಪರವಾಗಿ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ.

ಆ ಮಧ್ಯಾಹ್ನಗಳು ಚೆನ್ನಾಗಿದ್ದವು ಎಂದು ಒಪ್ಪಿಕೊಳ್ಳಬೇಕು. ಆಗ ಎಲ್ಲರ ಬಾಯಲ್ಲೂ ಬರಲಿರುವ ಹೊಸ ಪ್ರೊಸೆಸರಿನದೇ ಮಾತು. ಮುಂದಿನ ತಿಂಗಳು ಬರುತ್ತದಂತೆ, ಬೇಕಾದ್ದನ್ನು ತನ್ನ ಮಗ್ಗುಲಲ್ಲೇ ಇಟ್ಟುಕೊಳ್ಳಲು ಅದರಲ್ಲಿ ಎರಡರಷ್ಟು ಜಾಗವಂತೆ. ಅವಳ ತಂಡದವರೆಲ್ಲ ಹಳೆಯದನ್ನು ಮಾರಲು ಕಾದಿದ್ದರು.

"ನಿಮಗೆ ಬೇಡ್ವಾ?" ಎಂದು ಕೇಳಿದೆ.

"ಬರೋದು ಬರ್ಲಿ. ಇರೋದು ಏನೇನು ಮಾಡತ್ತೆ ಅಂತ ಪೂರ್ತಿ ನೋಡದೆ ಬಿಡೋಕೆ ನನಗೆ ಮನಸ್ಸು ಬರಲ್ಲ." ಹೀಗೆ ಹೇಳಿ ಲೋಟ ಬಾಯಿಗಿಟ್ಟು, ಅದರ ಅಂಚಿನ ಮೇಲಿಂದ ನನ್ನನ್ನು ನೋಡಿದಳು. ನಾನು ಬೇಗನೆ ಕಪಾಟಿನ ದವಡೆಗಳನ್ನು ಎಣಿಸುವವನಂತೆ ನಟಿಸಿದೆ.

ಆದರೆ ಬಸ್ಸಿನಲ್ಲಿ ಕೂತ ಮೇಲೆ ಸುಖ ಇಳಿಯುತ್ತಿತ್ತು. ಇಷ್ಟು ಸಡಿಲಿಸಿದರೂ ಆ ಮೆಷಿನ್ ಯಾಕೆ ನಿಲ್ಲುತ್ತಿಲ್ಲ? ನನ್ನ ಪರೀಕ್ಷೆಯಲ್ಲೇ ದೋಷವಿದ್ದರೆ ಇದುವರೆಗೆ ನಾನು ಮಾಡಿಕೊಟ್ಟ ಮೆಷಿನ್‌ಗಳ ಗತಿ ಏನು? ಬೇರೆ ಗಿರಾಕಿಗಳಿಗೂ ಬಿಗಿ ಸೆಟ್ಟಿಂಗ್ ಹಾಕಲು ಕೈ ಹಿಂಜರಿಯತೊಡಗಿತು.

ಅದೇ ಹೊತ್ತಿಗೆ ಅಂಗಡಿಗೆ ದೊಡ್ಡ ಕೆಲಸ ಬಂತು. ಊರಿನ ಗೇಮ್ ಪಂದ್ಯಾವಳಿಗೆ ಹೊಸ ಪ್ರೊಸೆಸರಿನ ಮೆಷಿನ್‌ಗಳು ನಮ್ಮವೇ. ಮಾರುಕಟ್ಟೆಗೆ ಬರುವ ಮೊದಲೇ ಒಂದು ಮಾದರಿ ಬಂದಿತ್ತು. ಯಜಮಾನರು ಅದನ್ನು ಮಗುವನ್ನು ಕೊಡುವಂತೆ ನನ್ನ ಅಂಗೈಯಲ್ಲಿಟ್ಟರು. ಬೆರಳಚ್ಚೂ ಬೀಳದ ಅದರ ಬೆನ್ನಿನಲ್ಲಿ ಟ್ಯೂಬ್‌ಲೈಟ್ ಕಾಣುತ್ತಿತ್ತು. ಇಂಥದ್ದಕ್ಕೆ ಮೆಮೊರಿ ಹೊಂದಿಸುವ ಮೊದಲಿಗನಾಗಬೇಕೆಂದೇ ನಾನು ಈ ಕಸುಬಿಗೆ ಬಂದವನು.

"ಸೆಟ್ಟಿಂಗ್ ಎಲ್ಲ ನಿನ್ನದೇ ಕಣೋ," ಎಂದರು.

"ನನ್ನಿಂದ ಆಗಲ್ಲ ಸರ್. ಬೇರೆ ಯಾರಿಗಾದ್ರೂ ಕೊಡಿ."

"ತಲೆ ನೆಟ್ಟಗಿದೆಯಾ ನಿಂಗೆ?"

"ಒಂದು ಮೆಷಿನ್ ನಿಲ್ಲಿಸೋಕೆ ಆಗ್ತಿಲ್ಲ. ಪಂದ್ಯದ ಮಧ್ಯೆ ಯಾರದ್ದಾದ್ರೂ ಕೂತುಬಿಟ್ರೆ ನಾನು ಯಾವ ಮುಖ ಇಟ್ಕೊಂಡು ನಿಂತ್ಕೊಳ್ಲಿ?"

ಸಂಜೆಯೊಳಗೆ ಇನ್ನೊಮ್ಮೆ ಯೋಚಿಸು ಎಂದರು. ಅಷ್ಟರಲ್ಲಿ ಫೋನ್ ಬಂತು. ಹಲ್ಲಿನ ಆಸ್ಪತ್ರೆಯಿಂದ.

ಈ ಸಲ ನಾನು ಬ್ಯಾಗಿನಿಂದ ಏನನ್ನೂ ತೆಗೆಯಲಿಲ್ಲ. "ಫ್ಯಾಕ್ಟರಿ ಸೆಟ್ಟಿಂಗ್ ಹಾಕಿಬಿಡ್ತೀನಿ. ತಡವರಿಸತ್ತೆ, ಆದ್ರೆ ಕೆಡಲ್ಲ. ಇದೇ ಕೊನೆ ಸಲ," ಎಂದೆ.

ಅವಳ ಕೈಯಲ್ಲಿದ್ದ ಉಜ್ಜುವ ಯಂತ್ರ ನಿಂತಿತು. "ಕೊನೆ ಸಲ ಅಂದ್ರೆ?"

"ಈ ಬಿಗಿಯೋ ಕೆಲಸಾನೇ ಬಿಡ್ತಿದೀನಿ. ಪಂದ್ಯಾವಳಿ ಕೆಲಸಾನೂ ಬೇಡ ಅಂದೆ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿದೆ."

ಅವಳ ಮುಖದ ಬಣ್ಣ ಹೋಯಿತು. ಎದ್ದು ಕಂಪ್ಯೂಟರ್ ಆರಿಸಿದಳು. ಕ್ಯಾಬಿನೆಟ್ಟಿನ ಹಿಂದಕ್ಕೆ ಕೈ ಹಾಕಿ, ನೋಡದೆಯೇ, ಒಂದು ಚಿಕ್ಕ ಗುಂಡಿಯನ್ನು ಒತ್ತಿ ಹಿಡಿದಳು. ಆ ಗುಂಡಿ ಎಲ್ಲ ಸೆಟ್ಟಿಂಗ್ ಅಳಿಸುವುದಕ್ಕೆ ಇರುವುದು. ಮತ್ತೆ ಕಂಪ್ಯೂಟರ್ ಹಾಕಿದಳು.

ಪರದೆಯ ಮೂಲೆಯಲ್ಲಿ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು.

ಮೆಮೊರಿ ಸೋತರೆ ಗಡಿಯಾರ ಹಿಂದೆ ಹೋಗುವುದಿಲ್ಲ. ಆ ಗುಂಡಿ ಒತ್ತಿದರೆ ಮಾತ್ರ ಹೋಗುತ್ತದೆ. ಪ್ರತಿ ಸಲ ನಾನು ಬರುವಷ್ಟರಲ್ಲಿ ಕಂಪ್ಯೂಟರ್ ಇಂಟರ್‌ನೆಟ್ ನೋಡಿ ತಾರೀಖು ಸರಿಮಾಡಿಕೊಂಡಿರುತ್ತಿತ್ತು. ಟೈಮಿಂಗ್ ಬಿಟ್ಟು ಇನ್ನೇನನ್ನೂ ಅನುಮಾನಿಸದ ಗೂಬೆ ನಾನು.

"ಪ್ರತಿ ಸಲ ನೀನೇನಾ?"

"ಹೂಂ."

"ನಾನು ಊಟ ಬಿಟ್ಟು ತಲೆ ಕೆಡಿಸ್ಕೊಂಡಿದ್ದೆ! ಎಲ್ಲರ ಮೆಷಿನ್ನೂ ಹಾಳು ಮಾಡಿದೀನಿ ಅಂತ ನಡುಗ್ತಿದ್ದೆ!"

"ಅದು ನನಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು, ಅದಕ್ಕೇ ನಿಮ್ಮೆದುರೇ ಒತ್ತಿದೆ." ಅವಳು ಕಣ್ಣು ತಗ್ಗಿಸಲಿಲ್ಲ. "ಫೋನ್ ಕೊಡಿ. ನಿಮ್ಮ ಯಜಮಾನರಿಗೆ ಹಚ್ಚಿ."

ಯಾಕೆ ಹಚ್ಚಿದೆನೋ ಗೊತ್ತಿಲ್ಲ. ಅವಳು ಫೋನ್ ಕಸಿದುಕೊಂಡಳು. ಅಷ್ಟರಲ್ಲಿ ಯಜಮಾನರ ದನಿ ಕೋಣೆಗೆಲ್ಲ ಕೇಳುವಂತಿತ್ತು. ಅವರಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ.

"ಸರ್, ಹಲ್ಲಿನ ಆಸ್ಪತ್ರೆಯಿಂದ ಮಾತಾಡ್ತಿದೀನಿ. ಇವರ ಸೆಟ್ಟಿಂಗ್‌ನಲ್ಲಿ ಏನೂ ತಪ್ಪಿರ್ಲಿಲ್ಲ. ಮೊದಲ ದಿನ ಹಾಕಿದ್ದೇ ಸರಿಯಾಗಿತ್ತು. ಅಳಿಸಿದ್ದು ನಾನು."

"ಯಾಕಮ್ಮಾ ತಾಯಿ?"

ಅವಳು ಒಮ್ಮೆ ಉಗುಳು ನುಂಗಿದಳು. ಪಂದ್ಯದಲ್ಲಿ ಕೊನೆಯವಳಾಗಿ ಉಳಿದಾಗಲೂ ಅವಳು ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ.

"ಇವರು ಬರ್ಲಿ ಅಂತ."

ಗೋಡೆಯ ಆಚೆ ಡ್ರಿಲ್ ನಿಂತಿತು.

"ಅವನಿಗೆ ಕೊಡಮ್ಮ," ಎಂದರು ಯಜಮಾನರು ಕೊನೆಗೆ. ಬಹುಶಃ ಜೀವನದಲ್ಲಿ ಮೊದಲ ಸಲ ಅವರು ಮೆಲ್ಲಗೆ ಮಾತಾಡಿದ್ದು. "ಲೋ, ಪಂದ್ಯದ ಮೆಷಿನ್ ಮಾಡ್ತೀಯೋ ಇಲ್ವೋ?"

"ಮಾಡ್ತೀನಿ ಸರ್."

"ಇವತ್ತು ಅಂಗಡಿಗೆ ಬರಬೇಡ. ಬಂದ್ರೂ ಕೆಲಸ ಮಾಡಲ್ಲ ನೀನು."

ಫೋನ್ ಇಟ್ಟೆ. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೆ ಮೂರನೆಯವರೆದುರು, ನಾನು ಏನು ಹೇಳುತ್ತೇನೆಂದು ತಿಳಿಯದೆಯೇ, ತನ್ನ ಮಾನವನ್ನು ಪಣಕ್ಕಿಟ್ಟು ನನ್ನ ಮಾನ ಉಳಿಸಿದವಳು ಎದುರಿಗೆ ನಿಂತಿದ್ದಳು. ಅಂಥ ಎದೆಗಾರಿಕೆ ನನಗಿಲ್ಲ. ಅದನ್ನು ಅವಳಿಗೂ ಹೇಳಿದೆ.

"ಸುಮ್ನೆ ಕರೆದಿದ್ರೆ ಬರ್ತಿದ್ದೆ," ಎಂದೆ.

"ಏನಂತ ಕರೀಲಿ? ಕೆಟ್ಟಿರೋದು ಇಲ್ಲದ ಕಡೆ ನೀವು ಕಾಲಿಡಲ್ಲ ಅಂದ್ಕೊಂಡೆ."

"ಫ್ಯಾಕ್ಟರಿ ಸೆಟ್ಟಿಂಗ್ ಹಾಕಿದ್ರೆ ಎರಡನೇ ಸಲವೇ ಎಲ್ಲ ಮುಗೀತಿತ್ತು. ಬೇರೆಯವರ ಮನೇಲಿ ಅದನ್ನೇ ಹಾಕಿ ಕೈ ತೊಳ್ಕೊಂಡಿರ್ತಿದ್ದೆ. ಇಲ್ಲಿ ಹಾಕೋಕೆ ಮನಸ್ಸು ಬರ್ಲಿಲ್ಲ. ನೀನು ಎಡಕ್ಕೆ ತಿರುಗಿದಾಗ ಆ ಕಲ್ಲು ತಗುಲಬಾರದು ಅಂತ."

ಅವಳ ಕಿವಿಯ ತುದಿ ಕೆಂಪಾಯಿತು. ಬಾಗಿಲಲ್ಲಿ ಮಾಸ್ಕ್ ಹಾಕಿದ ಮುಖ ಇಣುಕಿತು. "ನನ್ನ ಪೇಶೆಂಟು ಬಾಯಿ ತೆಗೆದೇ ಕಾಯ್ತಿದ್ದಾರೆ. ಏನಾದ್ರೂ ತೀರ್ಮಾನ ಆಯ್ತಾ?"

"ಹೋಗೇ ಅಕ್ಕಾ!"

ಡಾಕ್ಟರಕ್ಕ ಹೋಗುವಾಗ ಬಾಗಿಲು ಎಳೆದುಕೊಂಡು ಹೋದರು. ನಾನು ಕೂತು ಮೊದಲ ದಿನದ ಸಂಖ್ಯೆಗಳನ್ನೇ, ಅಷ್ಟೇ ಬಿಗಿಯಾಗಿ, ಒಂದೊಂದಾಗಿ ಹಾಕಿದೆ. ಪರೀಕ್ಷೆ ಶುರುಮಾಡಿದೆ. ಅವಳು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು.

"ಎಷ್ಟು ಹೊತ್ತು ಇದು?"

"ಸಂಜೆವರೆಗೂ ಓಡತ್ತೆ. ಅಲ್ಲೀವರೆಗೆ ಕಂಪ್ಯೂಟರ್ ಮುಟ್ಟೋ ಹಾಗಿಲ್ಲ."

"ಕಂಪ್ಯೂಟರ್ ಮಾತ್ರ ತಾನೇ?" ಎಂದು ಅವಳು ಕೈ ಚಾಚಿದಳು.