ದ್ಯಾವಯ್ಯನ ಹಾಜರಿ

ಹಾನುಬಾಳಿನ ಹತ್ತಿರದ ಕಾಫಿ ಎಸ್ಟೇಟೊಂದರ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಕಳೆದ ಕೊಯ್ಲಿನಲ್ಲಿ ಅಲ್ಲಿಯ ಆಳು ದ್ಯಾವಯ್ಯ ತೀರಿಕೊಂಡ. ಆದರೂ ಹೆಬ್ಬೆಟ್ಟಿನ ಮಷಿನ್‌ನಲ್ಲಿ ದಿನಾ ಬೆಳಿಗ್ಗೆ ಅವನ ಹಾಜರಿ ಬೀಳುತ್ತಿತ್ತು. ಯಾರದೋ ಕಳ್ಳಾಟವೆಂದು ಸಿಟ್ಟಿನಿಂದಲೇ ಹೋದೆ.

ಹಾಡುಹಗಲು. ಸ್ಟೋರ್ ಕೋಣೆ ಸೆಕೆಗೆ ಬೇಯುತ್ತಿದ್ದರೂ ಮಷಿನ್‌ನ ಗಾಜು ಮಾತ್ರ ಬೆರಳು ಕೊರೆಯುವಷ್ಟು ತಣ್ಣಗಿತ್ತು. ಎಷ್ಟು ಒರೆಸಿದರೂ ಅದರ ಮೇಲೆ ಕಾಫಿ ಹಣ್ಣಿನ ಅಂಟು ಮತ್ತೆ ಮೂಡುತ್ತಿತ್ತು.

“ಅವ್ನ ಹೆಸ್ರು ತೆಗೀಬ್ಯಾಡಿ ಕಣ್ರೀ,” ಎಂದ ಆಳುಗಳ ಲೆಕ್ಕ ಬರೆಯುವ ರೈಟರ್ ಲೋಹಿತ್, ಬಾಗಿಲಾಚೆಯೇ ನಿಂತು.

“ಸತ್ತವನಿಗೆ ಎಂಥದ್ದು ರೀ ಹಾಜರಿ?” ಎಂದು ರೇಗಿ, ದ್ಯಾವಯ್ಯನ ಹೆಸರನ್ನು ಬೆರಳ ಗುರುತಿನ ಸಮೇತ ಅಳಿಸಿಹಾಕಿದೆ.

“ಅಳಿಸಿದ್ದು ಇವ್ರು, ನಾನಲ್ಲ!” ಲೋಹಿತ್ ಕೋಣೆಯೊಳಗೆ ಇನ್ನಾರಿಗೋ ಕೇಳಿಸುವಂತೆ ಕೂಗಿದ. ಒಳಗೆ ನಾನೊಬ್ಬನೇ ಇದ್ದೆ.

ಮಷಿನ್ ಸರಿಯಿದೆಯೇ ಎಂದು ನೋಡಲು ನನ್ನ ಹೆಸರು ಸೇರಿಸಿ, ಗಾಜಿನ ಮೇಲೆ ಹೆಬ್ಬೆಟ್ಟು ಒತ್ತಿದೆ. ಒಳಗಿನಿಂದ ಇನ್ನೊಂದು ಹೆಬ್ಬೆಟ್ಟು ಅಷ್ಟೇ ಜೋರಾಗಿ ಒತ್ತಿತು. ಕೈ ಕಿತ್ತುಕೊಂಡು ಹೊರಗೋಡಿದೆ.

ಅಂದಿನಿಂದ ನನ್ನ ಆ ಹೆಬ್ಬೆಟ್ಟಿಗೆ ನನ್ನದೇ ಫೋನ್ ತೆರೆಯುವುದಿಲ್ಲ. ಎಸ್ಟೇಟಿಗೆ ನಾನು ಮತ್ತೆ ಕಾಲಿಟ್ಟಿಲ್ಲ. ಆದರೆ ದಿನಾ ಬೆಳಿಗ್ಗೆ ಅಲ್ಲಿ ನನ್ನ ಹಾಜರಿ ಬೀಳುತ್ತಿದೆ.