ಬ್ಯಾಟರಿ ತೋರಿಸದೆ ಚಾರ್ಜರ್ ಇಲ್ಲ

"ಕೊಡುವುದಿಲ್ಲ."

ಫಾಯಿಝಾಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಮೆಲ್ಕಾರ್ ಜಂಕ್ಷನ್ನಿನ ಆ ಪುಟ್ಟ ಅಂಗಡಿಯ ಗೋಡೆ ತುಂಬ ಚಾರ್ಜರ್‌ಗಳು ನೇತಾಡುತ್ತಿದ್ದವು. ಗಿರಾಕಿ ಎದುರಿಗೆ ನಿಂತಿದ್ದಾಳೆ, ಅಂಗಡಿಯವನು ಕೊಡುವುದಿಲ್ಲ ಎನ್ನುತ್ತಿದ್ದಾನೆ!

"ಎಂತಕ್ಕೆ ಕೊಡುವುದಿಲ್ಲ?"

"ಬ್ಯಾಟರಿ ತೋರಿಸಿ. ಆಮೇಲೆ ಚಾರ್ಜರ್."

"ಬ್ಯಾಟರಿ ಮನೆಯಲ್ಲುಂಟು. ಎಲೆಕ್ಟ್ರಿಕ್ ಸ್ಕೂಟರಿನದ್ದು. ಹಳೆ ಚಾರ್ಜರ್ ಸತ್ತುಹೋಗಿದೆ, ಕಡಿಮೆ ಕ್ರಯದ್ದು ಒಂದು ಕೊಡಿ, ಸಾಕು."

"ಎಷ್ಟು ವೋಲ್ಟಿನ ಬ್ಯಾಟರಿ?"

ಫಾಯಿಝಾ ಸ್ವಲ್ಪ ಯೋಚಿಸಿದಳು. "ನೀಲಿ ಬಣ್ಣದ್ದು."

ಅವನು ನಗಲಿಲ್ಲ. ನಕ್ಕಿದ್ದರೆ ಎರಡು ಬೈದು ಹೋಗಬಹುದಿತ್ತು. ನಗದೆ ಇದ್ದದ್ದಕ್ಕೆ ಅವಳ ಸಿಟ್ಟು ಇನ್ನೂ ಏರಿತು.

"ಅಳತೆ ಹೇಳದೆ ಚಪ್ಪಲಿ ಕೇಳಿದರೆ ಕೊಡಬಹುದು. ಹೆಚ್ಚೆಂದರೆ ಕಾಲು ನೋಯುತ್ತದೆ," ಎಂದ ಅವನು ತಣ್ಣಗೆ. "ಇದು ಲಿಥಿಯಂ. ತಪ್ಪಿದರೆ ಮನೆಯೇ ಹೋಗುತ್ತದೆ. ಬ್ಯಾಟರಿ ತೋರಿಸದೆ ಚಾರ್ಜರ್ ಇಲ್ಲ."

ಅಯ್ಯೋ, ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಅವಳಿಗೆ ಅನಿಸಿತು. ಅನಿಸಲೇಬೇಕು. ಅದು ಅವಳದ್ದೇ ಮಾತು!

ಇಲ್ಲಿ ನಿಮಗೊಂದು ವಿಷಯ ಹೇಳಿಬಿಡಬೇಕು. ಆ ಅಂಗಡಿಯಿಂದ ನೂರು ಹೆಜ್ಜೆ ದೂರದ ಮೆಡಿಕಲ್ ಶಾಪಿನಲ್ಲಿ ಫಾಯಿಝಾ ಫಾರ್ಮಸಿಸ್ಟ್. "ಡಾಕ್ಟರ ಚೀಟಿ ಇಲ್ಲದೆ ಮಾತ್ರೆ ಇಲ್ಲ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವವಳು. ಆಟೋ ಓಡಿಸುವ ಲೋಕನಾಥ ಶೀತಕ್ಕೆ ಆ್ಯಂಟಿಬಯೋಟಿಕ್ ಕೇಳಿದರೂ ಅದೇ ಉತ್ತರ. ಎರಡು ತಿಂಗಳ ಹಿಂದೆ ಗಂಟಲು ನೋವೆಂದು "ನನ್ನ ರೂಮಿನವನು ತಿಂದ ಆ ಕೆಂಪು ಮಾತ್ರೆ ಕೊಡಿ" ಎಂದು ಬಂದ ಒಬ್ಬ ಯುವಕನಿಗೂ ಅದೇ ಉತ್ತರ.

ಆ ಯುವಕನೇ ಈ ಅನ್ಸಾಫ್. ಕಕ್ಕಿಂಜೆಯವನು. ಮೆಲ್ಕಾರಿನಲ್ಲಿ ರೂಮು ಮಾಡಿಕೊಂಡು ಬ್ಯಾಟರಿ ರಿಪೇರಿ ಅಂಗಡಿ ಇಟ್ಟಿದ್ದ. ಅವನು ಅವಳನ್ನು ಮರೆತಿರಲಿಲ್ಲ.

'ಸೇಡು ತೀರಿಸುತ್ತಿದ್ದಾನೆ... ತೀರಿಸಲಿ. ಇವನ ಚಾರ್ಜರ್ ಯಾರಿಗೆ ಬೇಕು!' ಎಂದುಕೊಂಡು ಫಾಯಿಝಾ ಹೊರಟುಹೋದಳು.

ಆದರೆ ಚಾರ್ಜರ್ ಬೇಕೇ ಬೇಕಿತ್ತು. ಆ ಸ್ಕೂಟರನ್ನು ಅವಳು ತನ್ನ ಸಂಬಳದಲ್ಲಿ ತೆಗೆದುಕೊಂಡಿದ್ದಳು. ಕಲ್ಲಡ್ಕದ ಮನೆಯಿಂದ ಹೊರಟು, ಬೇಕಾದಲ್ಲಿ ನಿಂತು, ಬೇಕಾದಾಗ ಮನೆಗೆ ಬರುವ ಸುಖ ಅವಳಿಗೆ ಗೊತ್ತಾಗಿತ್ತು. ಅವಳ ತಂದೆ ಅಶ್ರಫ್ ಮಾತ್ರ ಮೊದಲ ದಿನವೇ ಷರತ್ತು ಹಾಕಿದ್ದರು. "ಈ ಗಾಡಿ ಒಮ್ಮೆ ಕೈಕೊಟ್ಟರೆ ಮತ್ತೆ ಬಸ್ಸೇ. ನನಗೆ ಮಂಡೆಬಿಸಿ ಬೇಡ."

ಅಂದು ಸಂಜೆ ಮಗಳ ಸಪ್ಪೆ ಮುಖ ನೋಡಿ ಅಶ್ರಫ್ ನಕ್ಕರು. "ಅಷ್ಟೇ ಅಲ್ವಾ? ದುಬೈ ಪೆಟ್ಟಿಗೆಯಲ್ಲಿ ಚಾರ್ಜರ್ ಉಂಟು ಮಾರಾಯ್ತಿ. ನಿನ್ನ ಸ್ಕೂಟರಿಗೆ ಇರಲಿ ಅಂತ ಆಗಲೇ ತಂದದ್ದು."

ಇಪ್ಪತ್ತೆರಡು ವರ್ಷ ದುಬೈಯಲ್ಲಿದ್ದು ಹೋದ ವರ್ಷವಷ್ಟೇ ಊರಿಗೆ ಬಂದ ಅಶ್ರಫರಿಗೆ ಒಂದು ಪದ್ಧತಿಯಿತ್ತು. ಪೆಟ್ಟಿಗೆ ಕಟ್ಟುವಾಗ ಪ್ರತಿಯೊಂದು ಸಾಮಾನಿನ ಮೇಲೂ ಅದು ಯಾರಿಗೆ ಎಂದು ಕಪ್ಪು ಮಾರ್ಕರಿನಲ್ಲಿ ದಪ್ಪವಾಗಿ ಬರೆಯುವುದು. ಟಾರ್ಚಿನ ಮೇಲೆ, ಸೋಪಿನ ಕಟ್ಟಿನ ಮೇಲೆ, ಬಾದಾಮಿ ಡಬ್ಬಿಯ ಮೇಲೆ. ಮನೆಯವರಿಗೆ ಮಾತ್ರ ಆ ಭಾಗ್ಯ. ಉಳಿದವರಿಗೆ ಕೊಡುವ ಪೊಟ್ಟಣಕ್ಕೆ ಹೆಸರಿಲ್ಲ. ಚಾರ್ಜರಿನ ಬೆನ್ನ ಮೇಲೆ 'ಫಾಯಿಝಾ, ಕಲ್ಲಡ್ಕ' ಎಂದಿತ್ತು.

ಪಿನ್ನು ಬ್ಯಾಟರಿಗೆ ಎಷ್ಟು ಚೆನ್ನಾಗಿ ಕೂತಿತೆಂದರೆ ಅಶ್ರಫ್ ಮೀಸೆ ತಿರುವಿದರು.

ತಾಯಿ ಜೈನಬಮ್ಮನದ್ದು, ಅಂದರೆ ಉಮ್ಮನದ್ದು, ಇನ್ನೊಂದು ಪದ್ಧತಿ. ದುಬೈಯಿಂದ ಬಂದದ್ದಕ್ಕೆ ಧೂಳು ಬೀಳಬಾರದು. ಟೀವಿಯ ರಿಮೋಟು ಈ ಮನೆಯಲ್ಲಿ ಇಂದಿಗೂ ಪ್ಲಾಸ್ಟಿಕ್ ಕವರಿನೊಳಗೇ ಇದೆ. ಭಾನುವಾರ ಬೆಳಿಗ್ಗೆ ಮಂಚದ ಮೇಲೆ ಚಾರ್ಜಿಗಿಟ್ಟ ಬ್ಯಾಟರಿಗೂ ಚಾರ್ಜರಿಗೂ ಅವರು ಪ್ರೀತಿಯಿಂದ ಕಸೂತಿ ಹಾಕಿದ ಬಟ್ಟೆ ಹೊದಿಸಿದರು.

ಒಂದು ಗಂಟೆ ಕಳೆಯಿತು.

"ಫಾಯಿಝಾ, ಕಾವಲಿ ಒಲೆಯ ಮೇಲೆಯೇ ಬಿಟ್ಟಿದ್ದೀಯಾ? ಕರಟಿದ ವಾಸನೆ," ಎಂದರು ಜೈನಬಮ್ಮ.

ಕಾವಲಿ ಅಲ್ಲ. ಕಸೂತಿಯ ಗುಲಾಬಿ ಹೂವು ಕಂದು ಬಣ್ಣಕ್ಕೆ ತಿರುಗಿತ್ತು!

ಫಾಯಿಝಾ ಓಡಿದಳು. ಸ್ವಿಚ್ಚು ಆರಿಸಿ, ಗೂಗಲಿನಲ್ಲಿ ಆ ಅಂಗಡಿಯ ನಂಬರು ಹುಡುಕಿ ಫೋನು ಮಾಡಿ, ಆದದ್ದನ್ನೂ ಮನೆಯ ದಾರಿಯನ್ನೂ ಹೇಳಿದಳು. ಸಿಟ್ಟು, ಮರ್ಯಾದೆ ಎಲ್ಲ ಆಗ ನೆನಪಾಗಲಿಲ್ಲ.

"ಬ್ಯಾಟರಿ ಉಬ್ಬಿದೆಯಾ? ಹೊಗೆ ಉಂಟಾ?" ಅನ್ಸಾಫ್ ಕೇಳಿದ.

"ಇಲ್ಲ. ಬಿಸಿ ಮಾತ್ರ. ತುಂಬಾ ಬಿಸಿ."

"ಯಾರೂ ಮುಟ್ಟಬೇಡಿ. ಎಲ್ಲರೂ ಹೊರಗೆ ಬನ್ನಿ. ಹೊಗೆ ಕಂಡರೆ ನನಗಲ್ಲ, ಫೈರ್ ಸ್ಟೇಷನ್ನಿಗೆ ಫೋನು ಮಾಡಿ. ನಾನು ಹೊರಟೆ."

ಕಥೆಗಳಲ್ಲಿ ನಾಯಕ ಗುಲಾಬಿ ಹಿಡಿದು ಬರುತ್ತಾನೆ. ನಮ್ಮವನು ತನ್ನ ಎಲೆಕ್ಟ್ರಿಕ್ ಸ್ಕೂಟರಿನ ಮುಂದೆ ಒಂದು ಬಕೆಟ್ ಮರಳು ಇಟ್ಟುಕೊಂಡು ಬಂದ. ದಪ್ಪ ಕೈಗವಸು ಹಾಕಿ ಒಳಗೆ ಹೋಗಿ, ಬ್ಯಾಟರಿಯನ್ನು ಎತ್ತಿ ಅಂಗಳದ ನಡುವೆ ಮರಳಿನ ಮೇಲಿಟ್ಟ. ಗೇಟಿನ ಹೊರಗಿನಿಂದ ಫಾಯಿಝಾ ನೋಡುತ್ತಿದ್ದಳು. 'ನನ್ನ ಮನೆಗಾಗಿ ಇವನು ಯಾಕೆ ಒಳಗೆ ಹೋದ...' ಎಂದು ಒಂದು ಯೋಚನೆ ಬಂದು ಹೋಯಿತು.

ಬ್ಯಾಟರಿ ತಣಿಯುತ್ತಾ ಬಂದ ಮೇಲೆ ಅವನು ಚಾರ್ಜರಿನ ಲೇಬಲ್ ಓದಿದ.

"ದುಬೈಯದ್ದು ಮಾರಾಯ. ಒರಿಜಿನಲ್," ಎಂದರು ಅಶ್ರಫ್ ಕುಗ್ಗಿದ ಸ್ವರದಲ್ಲಿ.

"ಒರಿಜಿನಲ್ಲೇ. ಚಾರ್ಜರಿಗೆ ದೋಷ ಇಲ್ಲ. ಜೋಡಿ ತಪ್ಪಿದ್ದು. ಇದು ಅರುವತ್ತು ವೋಲ್ಟಿನ ಸ್ಕೂಟರಿಗೆ. ಇವರ ಬ್ಯಾಟರಿ ನಲುವತ್ತೆಂಟು. ಬ್ಯಾಟರಿಯ ಒಳಗಿನ ಸರ್ಕ್ಯೂಟು ಕರೆಂಟು ಕಟ್ ಮಾಡಿದ್ದಕ್ಕೆ ಬದುಕಿದ್ದೀರಿ."

"ಪಿನ್ನು ಸರಿಯಾಗಿ ಕೂತಿತಲ್ಲ?" ಎಂದಳು ಫಾಯಿಝಾ.

ಅನ್ಸಾಫ್ ಅವಳನ್ನೇ ನೋಡಿದ. "ಮಾತ್ರೆ ಎಲ್ಲರ ಗಂಟಲಲ್ಲೂ ಇಳಿಯುತ್ತದೆ."

ಪಕ್ಕದ ಮನೆಯವರ ಮಾತ್ರೆ ತಿನ್ನಬೇಡಿ ಎಂದು ಊರಿಗೆಲ್ಲ ಹೇಳುವ ಫಾಯಿಝಾ ಬಾಗಿ ಆ ಲೇಬಲನ್ನು ತಾನೂ ಓದಿದಳು.

ಬ್ಯಾಟರಿಯನ್ನು ಪರೀಕ್ಷಿಸಲು ಹತ್ತು ದಿನ ಬೇಕೆಂದು ಅವನು ಅದನ್ನೂ ಚಾರ್ಜರನ್ನೂ ಅಂಗಡಿಗೆ ಒಯ್ದ. "ಗಾಡಿ ಕೈಕೊಟ್ಟಿತಲ್ಲ, ಇನ್ನು ಬಸ್ಸೇ" ಎನ್ನಲು ಅಶ್ರಫರಿಗೆ ಬಾಯಿ ಬರಲಿಲ್ಲ. ಕೈಕೊಟ್ಟದ್ದು ಅವರ ಚಾರ್ಜರೇ ತಾನೆ?

ಹತ್ತು ದಿನವೂ ಮಧ್ಯಾಹ್ನ ಊಟವಾದ ಕೂಡಲೇ ಫಾಯಿಝಾಳ ಕಾಲು ಆ ಅಂಗಡಿಗೆ ನಡೆಯುತ್ತಿತ್ತು. ಬ್ಯಾಟರಿಯ ಆರೋಗ್ಯ ವಿಚಾರಿಸಲು, ಅಷ್ಟೇ. ಹಾಗೆಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು.

ಒಂದು ದಿನ ಅವನು ಮೂರು ಚಾರ್ಜರ್ ಮೇಜಿನ ಮೇಲಿಟ್ಟ. ಎಲ್ಲದಕ್ಕಿಂತ ಅಗ್ಗದ್ದನ್ನು ಬಿಚ್ಚಿ ತೋರಿಸಿದ. ಒಳಗೆ ಅರ್ಧ ಜಾಗ ಖಾಲಿ!

"ಇದರಲ್ಲಿ ಬ್ಯಾಟರಿ ತುಂಬಿದರೂ ನಿಲ್ಲಿಸುವವರು ಯಾರೂ ಇಲ್ಲ. ಆ ದುಬಾರಿಯದ್ದು ಬೇಗ ತುಂಬಿಸುತ್ತದೆ, ಆದರೆ ನಿಮಗೆ ಅಷ್ಟು ಅವಸರ ಎಂತದು? ಇದು ಸಾಕು. ಬಿಐಎಸ್ ಗುರುತು ಉಂಟು, ನಿಮ್ಮದೇ ವೋಲ್ಟು, ತುಂಬಿದ ಮೇಲೆ ತಾನೇ ನಿಲ್ಲುತ್ತದೆ."

"ಮಧ್ಯದ್ದು."

"ಹೌದು. ಲಾಭ ನನಗೂ ಮಧ್ಯದ್ದೇ."

ಹತ್ತನೆಯ ದಿನ ಬ್ಯಾಟರಿ ಪಾಸಾಯಿತು. ರಸೀದಿಯ ಹಿಂದೆ ಅವನು ಡಾಕ್ಟರ ಹಾಗೆ ಗೀಚಿ ಕೊಟ್ಟ. 'ದಿನಕ್ಕೊಮ್ಮೆ. ಬ್ಯಾಟರಿ ತಣಿದ ನಂತರ. ಹಾಸಿಗೆ ಮೇಲೆ ಬೇಡ. ಬಟ್ಟೆ ಹೊದಿಸಬಾರದು (ಉಮ್ಮನಿಗೆ ಹೇಳಿ).'

ಫಾಯಿಝಾ ನಕ್ಕುಬಿಟ್ಟಳು. ನಗು ನಿಲ್ಲುವ ಹೊತ್ತಿಗೆ ಅವಳಿಗೆ ಗೊತ್ತಾಯಿತು, ತನಗೆ ಇವನೆಂದರೆ ಇಷ್ಟ. ತುಂಬಾ ಇಷ್ಟ.

"ಭಾನುವಾರ ನನ್ನ ಉಮ್ಮ ಬರ್ತಾರೆ," ಎಂದ ಅನ್ಸಾಫ್, ಸ್ಕ್ರೂಡ್ರೈವರನ್ನು ನೋಡುತ್ತಾ. "ನಿಮ್ಮ ಮನೆಗೆ ಕರೆದುಕೊಂಡು ಬರ್ಲಾ? ನಿಮಗೆ ಇಷ್ಟ ಇದ್ದರೆ ಮಾತ್ರ."

ಅವಳ ಕೆನ್ನೆ ಬೆಚ್ಚಗಾಯಿತು. "ಶನಿವಾರ ಹೇಳ್ತೇನೆ."

ಹೌದು ಎಂದು ಅಂದೇ ಹೇಳಬಹುದಿತ್ತು. ಆದರೆ ನಮ್ಮ ಹುಡುಗಿಗೆ ಸ್ವಲ್ಪ ಜಂಬ.

ಶನಿವಾರ ಬೆಳಿಗ್ಗೆ ಲೋಕನಾಥ ಮತ್ತೆ ಶೀತ ಹಿಡಿಸಿಕೊಂಡು ಮೆಡಿಕಲಿಗೆ ಬಂದ.

"ಚೀಟಿ?" ಎಂದಳು ಫಾಯಿಝಾ.

"ನಮಗೆ ಮಾತ್ರ ಚೀಟಿ ಅಲ್ವಾ ಮೇಡಂ? ಅಲ್ಲಿ ಬ್ಯಾಟರಿ ಅಂಗಡಿಯಲ್ಲಿ ನಿಮ್ಮ ಹೆಸರೇ ತೂಗುತ್ತಾ ಉಂಟು. ಹೋಗಿ ನೋಡಿ."

ಹೋಗಿ ನೋಡಿದಳು. ಅಂಗಡಿಯಲ್ಲಿ ಅನ್ಸಾಫ್ ಇರಲಿಲ್ಲ. ಛಾವಣಿಯಿಂದ ಇಳಿಬಿಟ್ಟ ದಾರದಲ್ಲಿ ಆ ದುಬೈ ಚಾರ್ಜರ್ ತೂಗುತ್ತಿತ್ತು. ಒಂದು ಬದಿಗೆ ರಟ್ಟು ಅಂಟಿಸಿ ಬರೆದಿತ್ತು: 'ತಪ್ಪು ಜೋಡಿ. ಮನೆಗೆ ಬೆಂಕಿ.' ಟೇಬಲ್ ಫ್ಯಾನಿನ ಗಾಳಿಗೆ ಅದು ಮೆಲ್ಲಗೆ ತಿರುಗಿತು. ಇನ್ನೊಂದು ಬದಿ ಕಂಡಿತು: 'ಫಾಯಿಝಾ, ಕಲ್ಲಡ್ಕ.'

ತಪ್ಪು ಜೋಡಿ. ಮನೆಗೆ ಬೆಂಕಿ. ಫಾಯಿಝಾ, ಕಲ್ಲಡ್ಕ.

ಅವಳ ಕಣ್ಣು ತುಂಬಿತು. 'ಮೆಲ್ಕಾರಿಗೆಲ್ಲ ನನ್ನನ್ನು ತಮಾಷೆ ಮಾಡಿಟ್ಟು, ಉಮ್ಮನನ್ನು ಕರೆತರುತ್ತೇನೆ ಅಂದನಾ? ಎಲ್ಲ ಆ ಕೆಂಪು ಮಾತ್ರೆಯ ಸೇಡು...' ಫೋನು ತೆಗೆದು ಎರಡೇ ಶಬ್ದ ಟೈಪು ಮಾಡಿದಳು: 'ಬರಬೇಡಿ. ಮುಗಿಯಿತು.' ಅವನು ಹನ್ನೊಂದು ಸಲ ಫೋನು ಮಾಡಿದ. ತೆಗೆಯಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಳು ತಡೆಯಲಾರದೆ ಎಲ್ಲವನ್ನೂ ಮನೆಯಲ್ಲಿ ಹೇಳಿಬಿಟ್ಟಳು. ಅಶ್ರಫರ ಮುಖ ಕೆಂಪಾಯಿತು.

ಭಾನುವಾರ ಹತ್ತು ಗಂಟೆಗೆ ಗೇಟು ಕಿರ್‍ರೆಂದಿತು. ಅನ್ಸಾಫ್ ಒಬ್ಬನೇ ಒಳಗೆ ಬಂದ. ಕೈಯಲ್ಲಿ ಚಾರ್ಜರ್.

"ನನ್ನ ಮಗಳ ಹೆಸರು ಅಂಗಡಿಯಲ್ಲಿ ನೇತು ಹಾಕಲಿಕ್ಕೆ ನೀನು ಯಾರು?" ಅಶ್ರಫ್ ಜಗಲಿಯಿಂದಲೇ ಕೇಳಿದರು.

"ತಪ್ಪಾಯಿತು," ಎಂದ ಅನ್ಸಾಫ್. "ಪಿನ್ನು ಕೂತರೆ ಸಾಕು ಅಂತ ದಿನಾ ನಾಲ್ಕು ಜನ ಬರ್ತಾರೆ. ಅವರಿಗೆ ತೋರಿಸಲಿಕ್ಕೆ ಕಟ್ಟಿದ್ದು. ಹೆಸರಿನ ಮೇಲೆ ಟೇಪು ಅಂಟಿಸಿದ್ದೆ."

"ಟೇಪು ಎಲ್ಲಿತ್ತು? ನಾನು ನೋಡಿದ್ದೇನೆ," ಬಾಗಿಲ ಮರೆಯಿಂದ ಫಾಯಿಝಾಳ ಸ್ವರ ಬಂತು.

ಅವನು ತಲೆ ತಗ್ಗಿಸಿದ. ಕಿವಿಗಳು ಕೆಂಪಾದವು.

"ತೆಗೆದೆ. ನಾನೇ ತೆಗೆದದ್ದು. ಬ್ಯಾಟರಿ ಕೊಂಡುಹೋದ ಮೇಲೆ ನೀವು ಮಧ್ಯಾಹ್ನ ಬರುವುದಿಲ್ಲವಲ್ಲ... ಹೆಸರಾದರೂ ಕಾಣಲಿ ಅಂತ ನನ್ನ ಮೇಜಿನ ಕಡೆಗೆ ತಿರುಗಿಸಿ ಕಟ್ಟಿದೆ. ಫ್ಯಾನು ಉಂಟು ಅಂತ ನೆನಪಾಗಲಿಲ್ಲ."

ಒಳಗಿನಿಂದ ಜೈನಬಮ್ಮ ಮೂಗು ಸೀಟುವ ಸದ್ದು ಕೇಳಿಸಿತು. ಫಾಯಿಝಾ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಸಿಟ್ಟೆಲ್ಲ ಎಲ್ಲಿ ಹೋಯಿತೋ!

ಅಶ್ರಫ್ ಮಗಳ ಮುಖ ನೋಡಿದರು. ಆಮೇಲೆ ಅನ್ಸಾಫನ ಕಡೆಗೆ ತಿರುಗಿದರು.

"ನಿನ್ನ ಸ್ಕೂಟರ್ ಎಷ್ಟು ವೋಲ್ಟು?"

"ಅರುವತ್ತು."

"ಹಾಗಾದರೆ ಈ ಚಾರ್ಜರ್ ಅದಕ್ಕೆ ಸರಿ ಆಗ್ತದಾ?"

"ಸರಿಯಾಗಿ ಆಗ್ತದೆ."

ಅಶ್ರಫ್ ಒಳಗೆ ಹೋದರು. ಬರುವಾಗ ಕೈಯಲ್ಲಿ ಆ ಕಪ್ಪು ಮಾರ್ಕರ್ ಇತ್ತು. ಅನ್ಸಾಫನ ಕೈಯಿಂದ ಚಾರ್ಜರ್ ತೆಗೆದುಕೊಂಡು, ಮಗಳ ಹೆಸರನ್ನು ಹಾಗೆಯೇ ಬಿಟ್ಟು, ಅದರ ಕೆಳಗೆ ದಪ್ಪಕ್ಷರದಲ್ಲಿ ನಿಧಾನವಾಗಿ ಬರೆದರು: 'ಅನ್ಸಾಫ್.'

ಹೆಸರು ಬರೆಯುವುದು ಮನೆಯವರಿಗೆ ಮಾತ್ರ. ಫಾಯಿಝಾಳಿಗೆ ಅದು ಗೊತ್ತಿತ್ತು. ಈ ಸಲ ಕಣ್ಣು ತುಂಬಿದ್ದನ್ನು ಅವಳು ಒರೆಸಿಕೊಳ್ಳಲಿಲ್ಲ.

"ನಿನ್ನ ಉಮ್ಮ ಬರಲಿಲ್ವಾ?" ಅಶ್ರಫ್ ಕೇಳಿದರು.

"ರಸ್ತೆಯಲ್ಲಿ ಲೋಕನಾಥನ ಆಟೋದಲ್ಲಿ ಕೂತಿದ್ದಾರೆ. ಬರಬೇಡಿ ಅಂತ ಮೆಸೇಜು ಇತ್ತಲ್ಲ, ಇಳಿಯಲಿಲ್ಲ."

"ಕರ್ಮ ಮಾರಾಯ. ಆ ಬಿಸಿಲಿನಲ್ಲಾ? ಜೈನಬಾ, ಚಹಾ ಇಡು!" ಅಶ್ರಫ್ ಚಪ್ಪಲಿ ಮೆಟ್ಟಿ ಗೇಟಿನ ಕಡೆಗೆ ಓಡಿದರು.

ಅಂಗಳದಲ್ಲಿ ಇಬ್ಬರೇ ಉಳಿದರು.

"ಈಗಲಾದರೂ ಹೇಳಿ," ಎಂದ ಅನ್ಸಾಫ್. "ಶನಿವಾರ ಹೇಳ್ತೇನೆ ಅಂದಿದ್ರಿ. ಒಪ್ಪಿಗೆ ಉಂಟಾ?"

"ಕೊಡುವುದಿಲ್ಲ."

"ಎಂತಕ್ಕೆ?"

"ಚೀಟಿ ತನ್ನಿ."

ಅವನು ಜೇಬಿನಿಂದ ರಸೀದಿ ಪುಸ್ತಕ ತೆಗೆದು, ಮೊಣಕಾಲ ಮೇಲಿಟ್ಟು, ಏನೋ ಗೀಚಿ ಹರಿದು ಕೊಟ್ಟ. 'ಅನ್ಸಾಫನಿಗೆ ಬೈಯುವುದು. ದಿನಕ್ಕೆ ಮೂರು ಸಲ. ಊಟದ ನಂತರ.'

ಅವಳು ತುಟಿ ಕಚ್ಚಿ ನಗು ತಡೆದಳು. "ಎಷ್ಟು ದಿನ ಅಂತ ಬರೆದೇ ಇಲ್ಲ."

"ಮಾತ್ರೆಯ ಕೋರ್ಸ್ ಮಧ್ಯದಲ್ಲಿ ಬಿಡಬಾರದು ಅಂತ ನೀವೇ ಹೇಳುವುದಲ್ವಾ?"

ಫಾಯಿಝಾ ಆ ಚೀಟಿಯನ್ನು ನಾಲ್ಕಾಗಿ ಮಡಚಿ ಮುಷ್ಟಿಯಲ್ಲಿ ಇಟ್ಟುಕೊಂಡಳು.

"ಬಿಡುವುದಿಲ್ಲ," ಎಂದಳು.