ನೂರ ಹದಿನೇಳನೇ ಬ್ಯಾಚಿನ ಸೋಪು

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಕ್ಷೌರಿಕನೊಬ್ಬ ಠಾಣೆಗೆ ಬಂದ. ಎಡಗೆನ್ನೆ ಊದಿತ್ತು, ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು, ಬಲಗೈ ಬೆರಳ ತುದಿಗಳು ಕೆಂಪಗೆ ಸುಲಿದಿದ್ದವು. ಕಾಗದದಲ್ಲಿ ಸುತ್ತಿದ ಹೊಸ ಸೋಪೊಂದನ್ನು ರೈಟರ್ ಮೇಜಿನ ಮೇಲಿಟ್ಟ.

ರೈಟರ್ ಎಂದರೆ ಠಾಣೆಯ ಹೆಡ್ ಕಾನ್‌ಸ್ಟೆಬಲ್. ಹತ್ತೊಂಬತ್ತು ವರ್ಷದಿಂದ ಅಲ್ಲಿನ ಬರವಣಿಗೆಯೆಲ್ಲ ಅವರದೇ ಕೈ.

“ಹೊಡೆದವರ ಮೇಲೆ ದೂರು ಕೊಡ್ತೀಯೇನಪ್ಪ?”

“ಹೊಡೆದೋರ ಮೇಲಲ್ಲ ಸಾರ್. ಅವರ ಜಾಗದಲ್ಲಿ ನಾನಿದ್ದಿದ್ರೂ ಹೊಡೀತಿದ್ದೆ. ಈ ಸೋಪಿನ ಮೇಲೆ.”

“ಸೋಪನ್ನ ಲಾಕಪ್ಪಿಗೆ ಹಾಕಕ್ಕಾಗುತ್ತೇನಯ್ಯ?”

ಒಳಗಿನಿಂದ ಇನ್‌ಸ್ಪೆಕ್ಟರ್ ಕರೆದರು. ಕ್ಷೌರಿಕ ನಿಂತೇ ಹೇಳಿದ. ಹಿಂದಿನ ಸಂಜೆ ಐದೂವರೆಗೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಗಡ್ಡ ತೆಗೆಸಲು ಬಂದಿದ್ದರು. ಇಪ್ಪತ್ತೆರಡು ವರ್ಷದ ಗಿರಾಕಿ. ಅವನು ಹೊಸ ಸೋಪಿನಿಂದ ನೊರೆ ಹಚ್ಚಿದ, ಅಷ್ಟರಲ್ಲಿ ಫೋನ್ ಬಂತು. ಏಳೆಂಟು ನಿಮಿಷ ಮಾತು. ಮೇಷ್ಟ್ರಿಗೆ ಕುರ್ಚಿಯಲ್ಲೇ ಜೊಂಪು ಹತ್ತಿತ್ತು. ಉರಿಗೆ ಎಚ್ಚರವಾಗಿ ಕೈಯಿಂದ ಮುಖ ಉಜ್ಜಿಕೊಂಡರು, ನೊರೆ ಕಣ್ಣಿಗೆ ಹೋಯಿತು.

“ಆಮೇಲೆ?”

“ನಲ್ಲಿ ಕೆಳಗೆ ತಲೆ ಹಿಡಿದೆ ಸಾರ್. ಕಾಲು ಗಂಟೆ ಬಿಡ್ಲಿಲ್ಲ. ಮಗ ಬಂದ. ಅಪ್ಪನ ತಲೆ ನೀರಲ್ಲಿ ಅದುಮ್ತಿದೀನಿ ಅನ್ಕೊಂಡು ಬಾರಿಸ್ದ.”

ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಫೋನ್ ಮಾಡಿದರು. ಗಲ್ಲ, ಕುತ್ತಿಗೆಯ ಚರ್ಮ ಸುಟ್ಟಿದೆ. ಎಡಗಣ್ಣಿಗೆ ಪಟ್ಟಿ ಕಟ್ಟಿದೆ. ದೃಷ್ಟಿಯ ವಿಷಯ ಈಗಲೇ ಹೇಳಲಾಗದು. ಆ ಕಾಲು ಗಂಟೆ ನೀರು ಬೀಳದಿದ್ದರೆ ಹೇಳುವುದಕ್ಕೇ ಏನೂ ಉಳಿಯುತ್ತಿರಲಿಲ್ಲ ಎಂದರು ವೈದ್ಯರು.

ಹತ್ತೂವರೆಗೆ ಎಫ್‌ಐಆರ್ ದಾಖಲಾಯಿತು. ಸೋಪಿನ ಹೊದಿಕೆಯ ಮೇಲೆ ವಿಳಾಸವಿತ್ತು, ಬ್ಯಾಚ್ ಸಂಖ್ಯೆ 117 ಎಂದಿತ್ತು. ಇನ್‌ಸ್ಪೆಕ್ಟರ್ ಮೊದಲು ಕಾಲೇಜಿನ ರಸಾಯನಶಾಸ್ತ್ರದ ಉಪನ್ಯಾಸಕಿಯ ಹತ್ತಿರ ಹೋದರು. ಅವರು ಸೋಪಿನ ಮೇಲೆ ಕ್ಷಾರ ಪತ್ತೆಹಚ್ಚುವ ದ್ರಾವಣದ ಒಂದು ಹನಿ ಬಿಟ್ಟರು. ಹನಿ ಗಾಢ ಗುಲಾಬಿಯಾಯಿತು.

“ಒಳ್ಳೆ ಸೋಪಾದ್ರೆ ತೆಳ್ಳಗೆ ಬಣ್ಣ ಬಂದ್ರೆ ಹೆಚ್ಚು,” ಎಂದರು ಅವರು. “ಎಣ್ಣೆ ಇಷ್ಟಿದ್ರೆ ಕಾಸ್ಟಿಕ್ ಸೋಡಾ ಇಷ್ಟೇ ಅಂತ ಅಳತೆ ಇದೆ. ಅಳತೆ ಸರಿಯಿದ್ರೆ ಎರಡೂ ಸೇರಿ ಸೋಪಾಗುತ್ತೆ, ಕಾಸ್ಟಿಕ್ ಅನ್ನೋದೇ ಉಳಿಯಲ್ಲ. ಜಾಸ್ತಿಯಾದ್ರೆ ಮಿಕ್ಕಿದ್ದು ಚರ್ಮ ತಿನ್ನುತ್ತೆ.”

“ಇದ್ರಲ್ಲಿ ಎಷ್ಟು ಜಾಸ್ತಿ?”

“ತೂಕ ಮಾಡಿ ನಾಳೆ ಹೇಳ್ತೀನಿ. ಆದ್ರೆ ಕೈತಪ್ಪಿ ಚಮಚ ಜಾಸ್ತಿ ಬಿದ್ದಿದ್ದಲ್ಲ.”

ಸೋಪಿನ ಘಟಕ ಒಂದು ಮನೆಯ ಹಿಂದಿನ ಉದ್ದನೆಯ ತಗಡಿನ ಶೆಡ್ಡು. ಹನ್ನೆರಡೂಕಾಲಿಗೆ ಇನ್‌ಸ್ಪೆಕ್ಟರ್, ಮಹಿಳಾ ಕಾನ್‌ಸ್ಟೆಬಲ್ ಮತ್ತು ಇಬ್ಬರು ಪಂಚರು ಅಲ್ಲಿದ್ದರು. ಗೋಡೆಗುಂಟ ಮರದ ಅಚ್ಚುಗಳು, ಹಲಗೆಗಳ ಮೇಲೆ ಸಾಲಾಗಿ ಒಣಗುತ್ತಿದ್ದ ಸೋಪುಗಳು, ಕೆಲಸದಲ್ಲಿದ್ದ ಆರು ಹೆಂಗಸರು. ನಡುವಿನ ಮೇಜಿನ ಬಳಿ ನಡುವಯಸ್ಸಿನವಳೊಬ್ಬಳು ಉಕ್ಕಿನ ಪಾತ್ರೆಯ ನೀರಿಗೆ ಬಿಳಿ ಹರಳುಗಳನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಿದ್ದಳು. ಬೆಂಕಿಯಿಲ್ಲದೆಯೇ ನೀರು ಹಬೆಯಾಡುತ್ತಿತ್ತು.

“ಇದು ಕರಗೋವರೆಗೂ ಒಳಗೆ ಬರ್ಬೇಡಿ,” ಎಂದಳು ಅವಳು, ತಲೆಯೆತ್ತದೆ. ಇನ್‌ಸ್ಪೆಕ್ಟರ್ ಹೊಸ್ತಿಲಲ್ಲೇ ನಿಂತರು.

ಅವಳನ್ನು ಎಲ್ಲರೂ ತಕ್ಕಡಿ ಅಕ್ಕ ಎನ್ನುತ್ತಿದ್ದರು. ಒಂಬತ್ತು ವರ್ಷದಿಂದ ಅಲ್ಲಿನ ಅಳತೆ, ಬೆರಕೆ ಎಲ್ಲ ಅವಳದೇ. ಅವಳು ಕಣ್ಣಂದಾಜಿನಲ್ಲಿ ಹಾಕಿದ್ದೂ ಗ್ರಾಂ ಹೆಚ್ಚು ಕಮ್ಮಿ ಇರುವುದಿಲ್ಲ ಎಂದು ಪಕ್ಕದವಳು ಹೆಮ್ಮೆಯಿಂದ ಹೇಳಿದಳು.

ಘಟಕದ ಯಜಮಾನಿ ರಿಜಿಸ್ಟರ್ ತಂದಳು. ಬ್ಯಾಚ್ 117: ಜನವರಿ ಇಪ್ಪತ್ತೆಂಟು, ಎಣ್ಣೆ ಹತ್ತು ಕಿಲೋ, ಕಾಸ್ಟಿಕ್ 1,410 ಗ್ರಾಂ, ತಯಾರಿಸಿದವರ ಜಾಗದಲ್ಲಿ ತಕ್ಕಡಿ ಅಕ್ಕನ ಸಹಿ, ಪರೀಕ್ಷಿಸಿದವರ ಜಾಗದಲ್ಲಿ ಯಜಮಾನಿಯ ಸಹಿ, ಒಟ್ಟು ಸೋಪು ನೂರ ಮೂವತ್ತು, ಅಂಗಡಿಗಳಿಗೆ ಹೋದದ್ದು ಫೆಬ್ರವರಿ ಇಪ್ಪತ್ತೈದು.

“ಪರೀಕ್ಷೆ ಹೇಗೆ ಮಾಡಿದ್ರಿ?”

“ಗುಲಾಬಿ ಹನಿ ಹಾಕಿ.”

“ಆ ಬಾಟ್ಲಿ ಕೊಡಿ.”

ಯಜಮಾನಿ ಎರಡು ಡ್ರಾಯರ್ ಎಳೆದಳು, ಮೂರನೆಯದನ್ನು ಎಳೆಯಲಿಲ್ಲ. “ಖಾಲಿಯಾಗಿದೆ.”

“ಯಾವಾಗ?”

“ಎರಡು ತಿಂಗಳಾಯ್ತು.”

“ಸಹಿ?”

“ಎಲ್ಲದಕ್ಕೂ ಒಟ್ಟಿಗೆ ಹಾಕ್ಬಿಡ್ತೀನಿ ಸಾರ್. ತಕ್ಕಡಿ ಅಕ್ಕನ ಕೈ ಅಂದ್ಮೇಲೆ ಪರೀಕ್ಷೆ ಯಾಕೆ ಅಂತ.”

ಶೆಡ್ಡಿನಲ್ಲಿ ಆ ಬ್ಯಾಚಿನ ಇಪ್ಪತ್ತಾರು ಸೋಪು ಉಳಿದಿದ್ದವು. ಅವು ಪಂಚನಾಮೆಗೆ ಸೇರಿದವು. ಉಳಿದ ನೂರ ನಾಲ್ಕನ್ನು ಹುಡುಕುವುದು ತನಿಖೆಗಿಂತ ತುರ್ತಾಗಿತ್ತು. ಅಂದು ಮಧ್ಯಾಹ್ನ ನಾಲ್ವರು ಕಾನ್‌ಸ್ಟೆಬಲ್‌ಗಳು ಅಂಗಡಿ ಅಂಗಡಿ ಸುತ್ತಿ ಎಂಬತ್ತೊಂಬತ್ತನ್ನು ಹಿಂದಕ್ಕೆ ತಂದರು. ಮಾರಾಟವಾದ ಹದಿನೈದರ ಪೈಕಿ ಒಂದು ಕ್ಷೌರಿಕನದು, ಉಳಿದವುಗಳಿಗಾಗಿ ಮನೆ ಮನೆ ಹುಡುಕಿದರು. ಅವುಗಳಲ್ಲೊಂದನ್ನು ಒಬ್ಬ ತಾಯಿ ಮಗುವಿನ ಸ್ನಾನಕ್ಕೆಂದು ತಂದು, ಹಳೆಯದು ಮುಗಿಯಲಿ ಎಂದು ಕಾಯುತ್ತಿದ್ದಳು. ಸೋಪನ್ನು ಅವಳ ಕೈಯಿಂದ ಇಸಿದುಕೊಂಡ ಕಾನ್‌ಸ್ಟೆಬಲ್, ಠಾಣೆಗೆ ಬಂದು ಎರಡು ಲೋಟ ನೀರು ಕುಡಿದ.

ಬುಧವಾರ ಉಪನ್ಯಾಸಕಿಯ ವರದಿ ಬಂತು. ಇಡೀ ಬ್ಯಾಚಿಗೆ ಸುಮಾರು ಆರುನೂರು ಗ್ರಾಂ ಕಾಸ್ಟಿಕ್ ಹೆಚ್ಚಾಗಿತ್ತು. ಶೆಡ್ಡಿನ ತೂಕದ ಯಂತ್ರವನ್ನು ಸರ್ಕಾರಿ ಮುದ್ರೆಯ ತೂಕದ ಬಟ್ಟುಗಳನ್ನಿಟ್ಟು ನೋಡಿದರು, ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಮಹಿಳಾ ಕಾನ್‌ಸ್ಟೆಬಲ್ ಕಾಸ್ಟಿಕ್ ಡ್ರಮ್ಮನ್ನೇ ತೂಗೋಣ ಎಂದಳು. ಇಪ್ಪತ್ತೈದು ಕಿಲೋ ಡ್ರಮ್ಮು, ತೆರೆದ ಮೇಲೆ ಒಂಬತ್ತು ಬ್ಯಾಚ್. ರಿಜಿಸ್ಟರ್ ಪ್ರಕಾರ 12,310 ಗ್ರಾಂ ಉಳಿಯಬೇಕು. ಉಳಿದದ್ದು 11,700.

“ಒಣಗಿ ಕಮ್ಮಿಯಾಗಿರಬಹುದಾ?” ಎಂದು ಅವಳು ತಕ್ಕಡಿ ಅಕ್ಕನನ್ನೇ ಕೇಳಿದಳು.

“ಇಲ್ಲಮ್ಮ. ಕಾಸ್ಟಿಕ್ ಗಾಳಿಯ ತೇವ ಎಳ್ಕೊಳ್ಳುತ್ತೆ. ಹೆಚ್ಚಾಗ್ಬೇಕೇ ಹೊರತು ಕಮ್ಮಿಯಾಗಲ್ಲ.”

ಹೇಳಿದ ಮೇಲೆ ಅವಳು ಕೈ ಒರೆಸಿಕೊಂಡಳು. ಡ್ರಮ್ಮು ಇಡುವ ಬೀರುವಿನ ಬೀಗದ ಕೈ ಇದ್ದದ್ದು ಅವಳು ಮತ್ತು ಯಜಮಾನಿ, ಇಬ್ಬರ ಬಳಿ ಮಾತ್ರ. ಜನವರಿ ಇಪ್ಪತ್ತೆಂಟರಂದು ಯಜಮಾನಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬೇರೆ ಊರಿನ ಪ್ರದರ್ಶನದಲ್ಲಿದ್ದಳು; ಅದಕ್ಕೆ ಹತ್ತಾರು ಸಾಕ್ಷಿಗಳಿದ್ದರು.

ಹೊರಡುವಾಗ ಕೆಲಸದವಳೊಬ್ಬಳು ಗೇಟಿನ ತನಕ ಬಂದು, ತಕ್ಕಡಿ ಅಕ್ಕನ ತಂಗಿಯೂ ಮೊದಲು ಅಲ್ಲೇ ಇದ್ದಳೆಂದೂ, ಒಂದೂವರೆ ವರ್ಷದ ಹಿಂದೆ ಕಣ್ಣಿಗೆ ಏನೋ ಆಗಿ ಬಿಟ್ಟಳೆಂದೂ ಹೇಳಿದಳು. ಏನಾಯಿತು ಎಂದು ಕೇಳುವಷ್ಟರಲ್ಲಿ ಒಳಗೆ ಹೋದಳು.

ಇನ್‌ಸ್ಪೆಕ್ಟರ್ ಠಾಣೆಯ ಹಳೆಯ ಕಡತ ತೆಗೆಸಿದರು. ಆಸ್ಪತ್ರೆಯಿಂದ ಬಂದ ಮಾಹಿತಿಯ ಕೆಳಗೆ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ಮನೆಯ ಬಚ್ಚಲಲ್ಲಿ ಜಾರಿ ಬಿದ್ದು, ಬಚ್ಚಲು ತೊಳೆಯುವ ದ್ರಾವಣ ಬಲಗಣ್ಣಿಗೆ ಸಿಡಿದು ಗಾಯ. ಯಾರ ಮೇಲೂ ದೂರಿಲ್ಲ. ಹೇಳಿಕೆ ನೀಡಿದವರು: ಗಾಯಾಳುವಿನ ಅಕ್ಕ.’

ರೈಟರ್ ತಮ್ಮ ಅಕ್ಷರವನ್ನು ತಾವೇ ಎರಡು ಸಲ ಓದಿದರು. “ಅವಳು ಹೇಳಿದ್ದು, ನಾನು ಬರ್ಕೊಂಡೆ ಸಾರ್. ಬಚ್ಚಲು ನೋಡೋಕೆ ಹೋಗ್ಲಿಲ್ಲ.”

ಮಾರ್ಚ್ ಹದಿಮೂರು, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆ. ಮಹಿಳಾ ಕಾನ್‌ಸ್ಟೆಬಲ್ ಪಕ್ಕದಲ್ಲಿ ಕುಳಿತಳು.

“ನೂರ ಹದಿನೇಳು ನೀವೇ ಮಾಡಿದ್ದಾ?”

“ಹೌದು.”

“ಕಾಸ್ಟಿಕ್ ಎಷ್ಟು ಹಾಕಿದ್ರಿ?”

“ಬುಕ್ಕಲ್ಲಿದೆಯಲ್ಲ.”

“ಬುಕ್ಕಲ್ಲಿರೋದು ಬೇಡ.”

ಅವಳು ಸೆರಗಿನ ಅಂಚು ಮಡಿಚಿದಳು.

“ಮೇಷ್ಟ್ರ ಕಣ್ಣಿಗೆ ಪಟ್ಟಿ ಕಟ್ಟಿದಾರೆ, ಗೊತ್ತಾ?”

ಅವಳು ಮೊದಲ ಸಲ ತಲೆಯೆತ್ತಿದಳು. ಮುಖ, ಕುತ್ತಿಗೆ ಸುಟ್ಟದ್ದಷ್ಟೇ ಅವಳ ಕಿವಿಗೆ ಬಿದ್ದಿತ್ತು.

“ಯಾವ ಕಣ್ಣು?”

“ಎಡಗಣ್ಣು.”

“ನೀರು ಹಾಕಿದ್ರಾ? ತಕ್ಷಣ ಹಾಕಿದ್ರಾ? ಎಷ್ಟೊತ್ತು?”

“ಕಾಲು ಗಂಟೆ.”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಾನ್‌ಸ್ಟೆಬಲ್ ನೀರು ಕೊಟ್ಟಳು, ಅವಳು ಮುಟ್ಟಲಿಲ್ಲ.

“ಎರಡು ಸಾವಿರದ ಇಪ್ಪತ್ತು ಗ್ರಾಂ,” ಎಂದಳು. “ಆರುನೂರ ಹತ್ತು ಜಾಸ್ತಿ. ತೂಗಿಯೇ ಹಾಕಿದ್ದು.”

“ಯಾಕೆ?”

“ಅಮ್ಮಾವ್ರು ಪರೀಕ್ಷೆ ಮಾಡಿದ್ರೆ ಅಲ್ಲೇ ಸಿಕ್ಕಿಬೀಳ್ತಿತ್ತು.”

“ಹನಿ ಬಾಟ್ಲಿ ಖಾಲಿಯಾಗಿದ್ದು ನಿಮಗೆ ಗೊತ್ತಿತ್ತು.”

“ಗೊತ್ತಿತ್ತು,” ಎಂದಳು ಅವಳು.

“ಅಂದ್ರೆ ಯಾರಿಗೋ ಸುಡುತ್ತೆ ಅಂತಲೂ ಗೊತ್ತಿತ್ತು.”

“ಕೈ ಉರಿಯುತ್ತೆ, ಜನ ಬಂದು ಬೈತಾರೆ, ಯಾರಾದ್ರೂ ಸ್ಟೇಷನ್ನಿಗೆ ಹೋಗ್ತಾರೆ ಅನ್ಕೊಂಡೆ. ಪೊಲೀಸ್ನೋರು ಬಂದು ಶೆಡ್ಡೆಲ್ಲ ನೋಡ್ತಾರೆ ಅಂತ. ನನ್ ತಂಗಿ ವಿಷಯಕ್ಕೆ ನಾವು ಬರೋಕಾಗ್ಲಿಲ್ಲ. ಶೆಡ್ಡಲ್ಲಾಗಿದ್ದನ್ನ ಬಚ್ಚಲಲ್ಲಿ ಬಿದ್ಲು ಅಂತ ನಾನೇ ಬರೆಸಿದ್ದೆ. ಅಮ್ಮಾವ್ರು ಹಾಗೆ ಹೇಳು ಅಂದ್ರು, ಹೇಳಿದ್ರೆ ಕೆಲಸ ಇರುತ್ತೆ, ಚಿಕಿತ್ಸೆ ಅವರೇ ಮಾಡಿಸ್ತಾರೆ ಅಂದ್ರು. ಒಂದ್ಸಲ ಸುಳ್ಳು ಬರೆಸಿದ್ಮೇಲೆ ನನ್ ಮಾತು ಯಾರು ನಂಬ್ತಾರೆ ಸಾರ್?”

ಬಾಗಿಲ ಬಳಿ ನಿಂತಿದ್ದ ರೈಟರ್ ಹೊರಗೆ ಹೋದರು.

ಮಧ್ಯಾಹ್ನ ಎರಡು ಹತ್ತಕ್ಕೆ ತಕ್ಕಡಿ ಅಕ್ಕನನ್ನು ಬಂಧಿಸಲಾಯಿತು. ಪರೀಕ್ಷಿಸದೆ ಸಹಿ ಹಾಕಿ ಮಾರಿದ್ದಕ್ಕೆ ಯಜಮಾನಿಯನ್ನು ನಾಲ್ಕಕ್ಕೆ ಬಂಧಿಸಿದರು. ಒಂದೂವರೆ ವರ್ಷದ ಹಿಂದಿನ ಘಟನೆಗೆ ಪ್ರತ್ಯೇಕ ಎಫ್‌ಐಆರ್ ಆಯಿತು. ಅದರ ಮೊದಲ ಸಾಲಿನಲ್ಲೇ, ಹಿಂದಿನ ಹೇಳಿಕೆಯನ್ನು ಪರಿಶೀಲಿಸದೆ ದಾಖಲಿಸಲಾಗಿತ್ತು ಎಂದು ರೈಟರ್ ಬರೆದರು. ಹಾಗೆ ಬರೆಯಲು ಅವರಿಗೆ ಯಾರೂ ಹೇಳಿರಲಿಲ್ಲ.

ಶುಕ್ರವಾರ ತಂಗಿ ಬಂದಳು. ಇಪ್ಪತ್ತಾರರ ಹುಡುಗಿ. ಮೇಜಿನ ಅಂಚನ್ನು ಕೈಯಿಂದ ಮುಟ್ಟಿ ನೋಡಿಕೊಂಡು ಕುಳಿತಳು.

“ಅವತ್ತು ಏನಾಯ್ತು?”

“ಆರ್ಡರ್ ಅರ್ಜೆಂಟ್ ಇತ್ತು ಸಾರ್. ಕಾಸ್ಟಿಕ್ ತೂಗಿ ಬಕೆಟ್ಟಲ್ಲಿಟ್ಟಿದ್ರು. ನೀರಿಗೆ ಅದನ್ನ ಹಾಕ್ಬೇಕು, ನಾನು ಅವಸರದಲ್ಲಿ ಅದರ ಮೇಲೇ ನೀರು ಸುರಿದೆ. ಭುಸ್ ಅಂತ ಮುಖಕ್ಕೇ ಎದ್ದು ಬಂತು.”

“ಕಣ್ಣಿಗೆ ಸೇಫ್ಟಿ ಕನ್ನಡಕ ಹಾಕ್ಕೊಂಡಿರ್ಲಿಲ್ವಾ?”

“ಆಗ ಶೆಡ್ಡಿಗೆಲ್ಲ ಇದ್ದಿದ್ದು ಒಂದೇ ಕನ್ನಡಕ. ಇನ್ನೊಂದು ತರಿಸಿ ಅಂತ ಅಕ್ಕ ಅಮ್ಮಾವ್ರಿಗೆ ಎಷ್ಟೋ ಸಲ ಹೇಳಿದ್ಲು.”

“ಅದು ಅವತ್ತು ಯಾರ ಹತ್ರ ಇತ್ತು?”

“ಅಕ್ಕ ಹಾಕ್ಕೊಂಡಿದ್ಲು. ಬೆರೆಸೋದು ಅವಳೇ ಅಲ್ವಾ, ಅವಳಿಗೇ ಬೇಕಿತ್ತು. ನಾನು ಯಾವತ್ತೂ ಅದನ್ನ ಎತ್ತಿ ಆಡಿಲ್ಲ ಸಾರ್. ಅವಳು ಹೇಳಿದ್ಲಾ?”

ಇನ್‌ಸ್ಪೆಕ್ಟರ್ ತಕ್ಕಡಿ ಅಕ್ಕನ ಆರು ಪುಟಗಳ ಹೇಳಿಕೆಯನ್ನು ಮತ್ತೊಮ್ಮೆ ಮಗುಚಿ ನೋಡಿದರು. ಗ್ರಾಂ ಲೆಕ್ಕ, ತಾರೀಕು, ಬೀಗದ ಕೈ, ಯಜಮಾನಿಯ ಮಾತು, ಎಲ್ಲವೂ ಅದರಲ್ಲಿ ಇದ್ದವು.

“ಇಲ್ಲ,” ಎಂದರು ಅವರು. “ಅದೊಂದು ಹೇಳಿಲ್ಲ.”